ಕನ್ನಂಬಾಡಿಯಿಂದ ಕಡಲಿಗೆ: ಹಾಯಿದೋಣಿಗೆ ಯಾವುದು ಕೊಳ್ಳೋಣ, ಯಾವುದು ಬಿಡೋಣ

ಪಾಂಡವಪುರದ ಹುಡುಗನೊಬ್ಬ ಹೋದ ತಿಂಗಳು ಮೈಸೂರಿನ ನಮ್ಮ ಮನೆಗೆ ಬಂದಿದ್ದ. ಮೂರು ವರ್ಷ ಕನ್ನಂಬಾಡಿ ಹಿನ್ನೀರಿನಲ್ಲಿ ಸಣ್ಣ ಹಾಯಿದೋಣಿ ಓಡಿಸಿ ಪಳಗಿದವನು. ಈಗ ಇಬ್ಬರು ಗೆಳೆಯರ ಜೊತೆ ಸೇರಿ ಗೋವಾದಲ್ಲಿ 30 ಅಡಿಯ ಹಳೆಯ ದೋಣಿಯೊಂದನ್ನು ಕೊಂಡಿದ್ದಾನೆ. ದಸರಾ ಮುಗಿಯುತ್ತಿದ್ದಂತೆ ಕಾರವಾರ, ಮಲ್ಪೆ, ಮಂಗಳೂರು ಅಂತ ದಡದಗುಂಟ ಇಳಿಯುವ ಆಸೆ. ಕೈಯಲ್ಲಿ ಸಾಮಾನಿನ ಪಟ್ಟಿ. ಮೊದಲ ಸಾಲಿನಲ್ಲಿ 12 ಇಂಚಿನ ಚಾರ್ಟ್‌ಪ್ಲಾಟರ್ (ಕಡಲ ನಕ್ಷೆಯ ಮೇಲೆ ದೋಣಿ ಎಲ್ಲಿದೆ ಅಂತ ತೋರಿಸುವ ಪರದೆ), ಆಮೇಲೆ ಲಿಥಿಯಂ ಬ್ಯಾಟರಿ, ಫ್ರಿಜ್ಜು, ಸೋಲಾರ್ ಹಲಗೆ. ಕಟ್ಟಕಡೆಯ ಸಾಲಿನಲ್ಲಿ ಲಂಗರು. ಅದರ ಮುಂದೆ "ಇರೋದೇ ಸಾಕು" ಅಂತ ಬರೆದಿದ್ದ.

ನಾನು ಆ ಹಾಳೆಯನ್ನು ತಲೆಕೆಳಗು ಮಾಡಿ ಅವನ ಮುಂದೆ ಇಟ್ಟೆ.

"ಯಾಕ್ ಸಾ?" ಅಂದ.

ಅವನಿಗೆ ಅವತ್ತು ಎರಡು ಲೋಟ ಕಾಫಿಯ ಮಧ್ಯೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಹಿನ್ನೀರಿನಲ್ಲಿ ಕಲಿತವರಿಗೆ ಗಾಳಿ ಓದುವುದು ಚೆನ್ನಾಗಿ ಬರುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಕನ್ನಂಬಾಡಿಯ ನೀರು ನಮ್ಮ ಎಷ್ಟೋ ತಪ್ಪುಗಳನ್ನು ಸುಮ್ಮನೆ ಮನ್ನಿಸಿಬಿಡುತ್ತದೆ. ಅಲ್ಲಿ ಉಪ್ಪಿಲ್ಲ. ಉಬ್ಬರವಿಳಿತ ವರ್ಷಕ್ಕೊಂದೇ ಸಲ: ಮಳೆಗಾಲ ಚೆನ್ನಾಗಿ ಹಿಡಿದರೆ 124.80 ಅಡಿಗೆ ಏರಿ ನಿಲ್ಲುತ್ತದೆ, ಬೇಸಿಗೆಗೆ ಇಳಿದು ನಾವು ದೋಣಿ ಕಟ್ಟಿದ್ದ ಜಾಗದಲ್ಲಿ ದನ ಮೇಯುತ್ತಿರುತ್ತವೆ. ಏನೇ ಕೆಟ್ಟರೂ ದಡ ಕಣ್ಣೆದುರಿಗೇ ಇರುತ್ತದೆ. ಕಡಲಿಗೆ ಹೊರಟವರು ಅಂಗಡಿಯಲ್ಲಿ ಯಾವ ಸಾಮಾನನ್ನು ಕೈಗೆತ್ತಿಕೊಂಡರೂ ಮೊದಲು ಕೇಳಿಕೊಳ್ಳಬೇಕಾದ್ದು, ಇದನ್ನು ಇಷ್ಟು ದಿನ ಕಾಪಾಡಿದ್ದು ಅದರ ಗುಣವೋ, ಕನ್ನಂಬಾಡಿಯ ಗುಣವೋ ಅಂತ.

ಲಂಗರು: ಗುದ್ದಲಿ, ನೇಗಿಲು, ಸನಿಕೆ

ನಮ್ಮ ಹಿನ್ನೀರಿನಲ್ಲಿ ಹೆಚ್ಚಾಗಿ ಕಾಣುವುದು ಡ್ಯಾನ್‌ಫೋರ್ತ್. ಎರಡು ಚಪ್ಪಟೆ ಅಲಗು, ನಡುವೆ ದಂಡ, ಮಡಿಸಿದರೆ ಹಲಗೆಯ ಹಾಗೆ ಒಂದು ಮೂಲೆಯಲ್ಲಿ ಬಿದ್ದಿರುತ್ತದೆ. ತೂಕ ಕಡಿಮೆ. ಕೆಸರಿನಲ್ಲಿ, ಮರಳಿನಲ್ಲಿ ಅದರ ಹಿಡಿತ ಅದ್ಭುತ, ಒಂದೇ ದಿಕ್ಕಿನಿಂದ ಎಳೆದರೆ ಮಾತ್ರ. ಕನ್ನಂಬಾಡಿಯ ತಳ ಮೆತ್ತನೆಯ ಹೂಳು. ಹಾಗಾಗಿ ಅಲ್ಲಿ ಡ್ಯಾನ್‌ಫೋರ್ತ್ ಯಾವತ್ತೂ ಸೋತಿದ್ದನ್ನು ನಾನು ಕಂಡಿಲ್ಲ.

ಸೋತಿದ್ದನ್ನು ಕಂಡದ್ದು ನಮ್ಮ ಕರಾವಳಿಯ ಒಂದು ಸಣ್ಣ ಕೊಲ್ಲಿಯಲ್ಲಿ. ಸ್ನೇಹಿತರ ದೋಣಿ, ನಾನು ಕೈಯಾಳು. ಸಂಜೆ ವಾಯವ್ಯದಿಂದ ಕಡಲಗಾಳಿ ಬೀಸುತ್ತಿತ್ತು, ಲಂಗರು ಕಚ್ಚಿಕೊಂಡಿತು, ಊಟ ಮಾಡಿ ಮಲಗಿದೆವು. ರಾತ್ರಿ ಎರಡರ ಸುಮಾರಿಗೆ ನೆಲಗಾಳಿ ಶುರುವಾಯಿತು. ಘಟ್ಟದ ಕಡೆಯಿಂದ, ಅಂದರೆ ಸರಿಯಾಗಿ ಎದುರು ದಿಕ್ಕಿನಿಂದ. ದೋಣಿ ಸುತ್ತು ಹಾಕಿ ಲಂಗರನ್ನು ಹಿಂದಿನಿಂದ ಎಳೆದು ಕಿತ್ತಿತು. ಕಿತ್ತುಕೊಂಡ ಲಂಗರು ಮತ್ತೆ ಕಚ್ಚಲಿಲ್ಲ. ನನಗೆ ಎಚ್ಚರವಾದದ್ದು ಸದ್ದಿನಿಂದಲ್ಲ, ಅಲೆ ದೋಣಿಗೆ ಬಡಿಯುವ ಸದ್ದು ನಿಂತುಹೋದದ್ದರಿಂದ. ದೋಣಿ ನೀರಿನ ಜೊತೆಗೇ ತೇಲಿಹೋಗುತ್ತಿತ್ತು. ನೆಲಗಾಳಿಯಾದ್ದರಿಂದ ಬಂಡೆಯ ಕಡೆಗಲ್ಲದೆ ಹೊರಕಡಲಿಗೆ ತಳ್ಳುತ್ತಿತ್ತು, ಅದೊಂದು ಪುಣ್ಯ. ಎಂಜಿನ್ ಚಾಲೂ ಮಾಡಿ ಲಂಗರು ಮೇಲೆತ್ತಿ ನೋಡಿದರೆ ಎರಡು ಅಲಗಿನ ಮಧ್ಯೆ ತೆಂಗಿನಕಾಯಿ ಗಾತ್ರದ ಕಲ್ಲು ಸಿಕ್ಕಿಕೊಂಡಿತ್ತು. ಅಲಗು ಆಡುವುದೇ ಸಾಧ್ಯವಿರಲಿಲ್ಲ.

ನಮ್ಮ ಪಶ್ಚಿಮ ಕರಾವಳಿಯಲ್ಲಿ ಚಳಿಗಾಲ, ಬೇಸಿಗೆ ಪೂರ್ತಿ ಹೆಚ್ಚುಕಮ್ಮಿ ಪ್ರತಿ ರಾತ್ರಿಯೂ ಗಾಳಿ ಹೀಗೆ ತಿರುಗುತ್ತದೆ. ತಿರುಗಿದ ಮೇಲೆ ತಾನಾಗಿ ಮತ್ತೆ ಕಚ್ಚುವ ಲಂಗರೇ ಇಲ್ಲಿಗೆ ಬೇಕು.

ಹಳೆಯ ದೋಣಿಗಳ ಜೊತೆ ಬರುವ ಇನ್ನೊಂದು ಸಿಕ್ಯೂಆರ್. ಬ್ರಿಟನ್ನಿನ ಭೌತವಿಜ್ಞಾನಿ ಜೆಫ್ರಿ ಟೇಲರ್ 1933ರಲ್ಲಿ ಮಾಡಿದ್ದು, ನೇಗಿಲಿನ ಆಕಾರ, ಕೊರಳಲ್ಲಿ ಕೀಲು. ಗಾಳಿ ತಿರುಗಿದರೆ ಕೀಲು ತಿರುಗುತ್ತದೆ, ಲಂಗರು ಕಿತ್ತುಬರುವುದು ಕಡಿಮೆ. ಐವತ್ತು ವರ್ಷ ಜಗತ್ತಿನ ಸುತ್ತ ಹೋದವರೆಲ್ಲ ಇದನ್ನೇ ನಂಬಿದ್ದರು. ಆದರೆ ಮಂಡ್ಯದವರಿಗೆ ನಾನು ಹೇಳಬೇಕೇ? ನೇಗಿಲು ಇರುವುದೇ ನೆಲ ಸೀಳಿಕೊಂಡು ಮುಂದೆ ಹೋಗಲಿಕ್ಕೆ. ಮೆತ್ತನೆಯ ತಳದಲ್ಲಿ ಜೋರು ಗಾಳಿಗೆ ಇದು ನಿಧಾನವಾಗಿ ಉತ್ತುಕೊಂಡೇ ಬರುತ್ತದೆ. ಬ್ರೂಸ್ ಪಂಜದ ಆಕಾರದ್ದು, ಕಲ್ಲುಮಿಶ್ರಿತ ತಳದಲ್ಲಿ ಬೇಗ ಕಚ್ಚುತ್ತದೆ. ಆದರೆ ಅದೇ ತೂಕದ ಬೇರೆ ಲಂಗರುಗಳಷ್ಟು ಬಿಗಿ ಹಿಡಿತವಿಲ್ಲ.

ಈಚಿನವು ರೋಕ್ನಾ, ಸ್ಪೇಡ್, ಮ್ಯಾಂಟಸ್ ತರಹದವು. ಸನಿಕೆಯ ಹಾಗೆ ಒಳಕ್ಕೆ ತಗ್ಗಾದ ಒಂದೇ ಅಲಗು, ಚೂಪಾದ ಮೂತಿ. ಇವುಗಳಲ್ಲಿ ಕೆಲವಕ್ಕೆ ಬೆನ್ನ ಮೇಲೆ ಒಂದು ಕಮಾನು. ಹೇಗೆ ಬಿದ್ದರೂ ಕಮಾನು ಅದನ್ನು ಮಗುಚಿ ಮೂತಿಯನ್ನು ನೆಲಕ್ಕೆ ತರುತ್ತದೆ. ಎಳೆದಷ್ಟೂ ಆಳಕ್ಕೆ ಇಳಿಯುತ್ತದೆ, ಕಿತ್ತರೂ ತಾನೇ ಮತ್ತೆ ಹೂತುಕೊಳ್ಳುತ್ತದೆ. ಬೆಲೆ ಜಾಸ್ತಿ, ಭಾರತಕ್ಕೆ ತರಿಸುವುದು ಇನ್ನೂ ದುಬಾರಿ. ಆದರೂ 30 ಅಡಿ ದೋಣಿಗೆ 15 ಕಿಲೋ ಆಸುಪಾಸಿನ ಇಂಥದ್ದೊಂದನ್ನು ಮೊದಲು ತೆಗೆದುಕೊಳ್ಳಿ, ಚಾರ್ಟ್‌ಪ್ಲಾಟರ್ ಪರದೆ 12 ಇಂಚಿನ ಬದಲು 7 ಇಂಚಾಗಲಿ ಅಂದೆ. ಹಳೆಯ ಡ್ಯಾನ್‌ಫೋರ್ತನ್ನು ಬಿಸಾಡುವುದು ಬೇಡ. ಹಿಂಬದಿಯಿಂದ ಎರಡನೇ ಲಂಗರಾಗಿ ಬಿಡಲು, ದಿಬ್ಬದ ಮೇಲೆ ಹತ್ತಿದ ದೋಣಿಯನ್ನು ಎಳೆದುಕೊಳ್ಳಲು ಹಗುರಾದ ಅದೇ ಒಳ್ಳೆಯದು.

ಸರಪಳಿಯೋ, ಹಗ್ಗವೋ

ಲಂಗರಿನಷ್ಟೇ ಮುಖ್ಯ ಅದಕ್ಕೆ ಕಟ್ಟುವುದು. ಬರೀ ಸರಪಳಿ ಹಾಕಿದರೆ ಕಲ್ಲಿಗೆ ಉಜ್ಜಿ ಸವೆಯುವ ಭಯವಿಲ್ಲ, ಅದರ ತೂಕವೇ ಲಂಗರಿನ ದಂಡವನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ. ಆದರೆ 8 ಮಿಲಿಮೀಟರ್ ಸರಪಳಿ ಮೀಟರಿಗೆ 1.4 ಕಿಲೋ ತೂಗುತ್ತದೆ. 50 ಮೀಟರ್ ಅಂದರೆ 70 ಕಿಲೋ, ಒಂದು ಮೂಟೆಗೂ ಹೆಚ್ಚು, ಅದೂ ದೋಣಿಯ ಮೂತಿಯಲ್ಲಿ. ಸಣ್ಣ ದೋಣಿ ಅಷ್ಟು ಭಾರಕ್ಕೆ ಅಲೆಗೆ ಮೂತಿ ಎತ್ತುವುದಿಲ್ಲ. 30 ಅಡಿಯವರಿಗೆ ನನ್ನ ಸಲಹೆ, 20 ಮೀಟರ್ ಸರಪಳಿ, ಅದಕ್ಕೆ 40 ಮೀಟರ್ ನೈಲಾನ್ ಹಗ್ಗ ಹೆಣೆದು ಸೇರಿಸಿ.

ನೈಲಾನ್ ಅಂತ ಒತ್ತಿ ಹೇಳುತ್ತಿದ್ದೇನೆ. ಹಗ್ಗದ ಅಂಗಡಿಯಲ್ಲಿ ಎಲ್ಲವೂ ಬೆಳ್ಳಗೆ ಹೊಳೆಯುತ್ತಿರುತ್ತವೆ. ನೈಲಾನ್ ಹಿಗ್ಗುತ್ತದೆ, ಅಲೆಯ ಏಟನ್ನು ನುಂಗುತ್ತದೆ. ಆದ್ದರಿಂದ ಲಂಗರಿಗೆ ಅದು. ಪಾಲಿಯೆಸ್ಟರ್ ಹಿಗ್ಗುವುದು ಕಡಿಮೆ, ಬಿಸಿಲಿಗೂ ತಡೆಯುತ್ತದೆ, ಹಾಯಿ ಏರಿಸುವುದಕ್ಕೆ, ಎಳೆಯುವುದಕ್ಕೆ ಅದು. ಡೈನೀಮಾ ಉಕ್ಕಿನ ತಂತಿಯಷ್ಟು ಗಟ್ಟಿ, ಆದರೆ ಎಷ್ಟು ನುಣುಪೆಂದರೆ ಮಾಮೂಲಿ ಗಂಟು ಜಾರಿಬಿಡುತ್ತದೆ, ಹೆಣೆದೇ ಸೇರಿಸಬೇಕು. ರೇಸಿಗೆ ಹೋಗುವವರಿಗೆ ಬಿಡಿ. ಲಾರಿಗೆ ಕಟ್ಟುವ ನೀಲಿ, ಹಳದಿ ಪಾಲಿಪ್ರಾಪಿಲೀನ್ ಹಗ್ಗ ಅಗ್ಗ, ನೀರಿನಲ್ಲಿ ತೇಲುತ್ತದೆ ಕೂಡ. ನೀರಿಗೆ ಬಿದ್ದವರಿಗೆ ಎಸೆಯುವ ಹಗ್ಗವಾಗಿ ಮಾತ್ರ ಇಟ್ಟುಕೊಳ್ಳಿ. ಲಂಗರಿಗೆ ಹಾಕಿದರೆ ಮೇಲೆ ತೇಲಿ ಪಕ್ಕದ ದೋಣಿಯ ಪ್ರೊಪೆಲ್ಲರಿಗೆ ಸುತ್ತಿಕೊಳ್ಳುತ್ತದೆ, ಎರಡು ಬೇಸಿಗೆಯ ಬಿಸಿಲಿಗೆ ಪುಡಿಯಾಗುತ್ತದೆ.

ಎಷ್ಟು ಉದ್ದ ಬಿಡಬೇಕು? ಹಿನ್ನೀರಿನವರು ತಪ್ಪುವುದೇ ಈ ಲೆಕ್ಕದಲ್ಲಿ. ನೀರಿನ ಆಳ ಒಂದನ್ನೇ ಹಿಡಿಯಬಾರದು. ಸಂಜೆ ಇಳಿತದ ಹೊತ್ತಿಗೆ ಆಳ 4 ಮೀಟರ್ ಇದೆಯೆನ್ನಿ. ರಾತ್ರಿ ಉಬ್ಬರಕ್ಕೆ ಮಂಗಳೂರಿನ ಕಡೆ ಒಂದೂವರೆ ಮೀಟರ್ ಏರಬಹುದು. ದೋಣಿಯ ಮೂತಿ ನೀರಿನಿಂದ ಒಂದು ಮೀಟರ್ ಮೇಲೆ. ಒಟ್ಟು ಆರೂವರೆ. ಪೂರ್ತಿ ಸರಪಳಿಯಾದರೆ ಇದರ ಐದರಷ್ಟು, 32 ಮೀಟರ್. ಹಗ್ಗ ಸೇರಿದ್ದರೆ ಏಳರಷ್ಟು, 45 ಮೀಟರ್. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ಉಬ್ಬರ ಹತ್ತು ಮೀಟರ್ ದಾಟುತ್ತದೆ. ಅಲ್ಲಿಗೆ ಹೋಗುವ ಹುಚ್ಚು ಇನ್ನೂ ಬಂದಿಲ್ಲವಾದ್ದರಿಂದ ಆ ಲೆಕ್ಕ ಬಿಟ್ಟೆವು.

ಹಿತ್ತಾಳೆ, ಕಂಚು, ಪ್ಲಾಸ್ಟಿಕ್

ಅವನ ಪಟ್ಟಿಯಲ್ಲಿ ಇಲ್ಲವೇ ಇಲ್ಲದ ವಿಷಯ ಇದು. ದೋಣಿಯ ತಳದಲ್ಲಿ ಮೂರು ನಾಲ್ಕು ತೂತುಗಳಿರುತ್ತವೆ: ಎಂಜಿನ್ ತಂಪಿಗೆ ನೀರು ಬರಲು, ಸಿಂಕಿನ ನೀರು ಹೋಗಲು, ಟಾಯ್ಲೆಟ್ಟಿಗೆ. ಪ್ರತಿಯೊಂದಕ್ಕೂ ಒಂದು ವಾಲ್ವ್. ಒಂದು ಕಿತ್ತುಬಂದರೆ? ನೀರಿನ ಮಟ್ಟದಿಂದ ಅರ್ಧ ಮೀಟರ್ ಕೆಳಗೆ 4 ಸೆಂಟಿಮೀಟರ್ ಅಗಲದ ತೂತು ನಿಮಿಷಕ್ಕೆ ನೂರು ಲೀಟರಿಗೂ ಹೆಚ್ಚು ನೀರನ್ನು ಒಳಗೆ ಬಿಡುತ್ತದೆ. ಕೈಪಂಪು ಒತ್ತುವವನಿಗೆ ಉಸಿರು ಕಟ್ಟುತ್ತದೆ.

ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುವ ಬಾಲ್ ವಾಲ್ವ್ ಹಿತ್ತಾಳೆಯದು. ಮನೆಯ ಟ್ಯಾಂಕಿಗೆ ಚಿನ್ನದಂಥದು, ಹಿನ್ನೀರಿನ ದೋಣಿಗೂ ವರ್ಷಾನುಗಟ್ಟಲೆ ಬರುತ್ತದೆ. ಹಿತ್ತಾಳೆ ಅಂದರೆ ತಾಮ್ರದ ಜೊತೆ ಸತು. ಉಪ್ಪುನೀರು ಆ ಸತುವನ್ನು ಮೆಲ್ಲಗೆ ತಿಂದು ತಾಮ್ರದ ಪೊಳ್ಳನ್ನು ಉಳಿಸುತ್ತದೆ. ಆಕಾರ ಹಾಗೇ ಇರುತ್ತದೆ, ಸತ್ವ ಇರುವುದಿಲ್ಲ. ಕೆರೆದು ನೋಡಿದರೆ ಹಳದಿಯ ಬದಲು ನಸುಗೆಂಪು ಕಂಡರೆ ಅದರ ಕಥೆ ಮುಗಿಯಿತು. ಒಮ್ಮೆ ನನಗೆ ಅಂಗಡಿಯವನೊಬ್ಬ ಕಂಚು ಅಂತ ಕೊಟ್ಟದ್ದು ಎರಡನೇ ವರ್ಷಕ್ಕೇ ಹೀಗೆ ನಸುಗೆಂಪಾಗಿತ್ತು. ಸ್ಪ್ಯಾನರ್ ಹಾಕುತ್ತಿದ್ದಂತೆ ರಸ್ಕಿನ ಹಾಗೆ ಮುರಿಯಿತು. ದೋಣಿ ದಡದ ಮೇಲಿತ್ತು ಅನ್ನುವುದೊಂದೇ ಸಮಾಧಾನ.

ಕಂಚಿನಲ್ಲಿ ತಾಮ್ರದ ಜೊತೆ ಸೇರುವುದು ಮುಖ್ಯವಾಗಿ ತವರ, ಉಪ್ಪಿಗೆ ಅದು ಜಗ್ಗುವುದಿಲ್ಲ. ಬೆಲೆ ಎರಡು ಮೂರು ಪಟ್ಟು. ಫೈಬರ್ ತುಂಬಿದ ನೈಲಾನಿನ ವಾಲ್ವ್‌ಗಳೂ ಬಂದಿವೆ, ಇವಕ್ಕೆ ತುಕ್ಕಿನ ಮಾತೇ ಇಲ್ಲ. ಆದರೆ ವರ್ಷಕ್ಕೊಮ್ಮೆ ಗ್ರೀಸ್ ಹಚ್ಚದೆ ಬಿಟ್ಟರೆ ಹಿಡಿ ಬಿಗಿದು, ಜೋರು ಮಾಡಿದಾಗ ಹಿಡಿಯೇ ಕೈಗೆ ಬರುತ್ತದೆ. ಲೋಹದ ದೋಣಿಗೆ ಪ್ಲಾಸ್ಟಿಕ್ ಸರಿ, ಫೈಬರ್‌ಗ್ಲಾಸ್ ದೋಣಿಗೆ ನನ್ನ ಮತ ಕಂಚಿಗೆ. ಯಾವುದೇ ಹಾಕಿ, ಪ್ರತಿ ವಾಲ್ವಿನ ಪಕ್ಕದಲ್ಲಿ ಅದೇ ಅಳತೆಯ ಮರದ ಬೆಣೆಯೊಂದನ್ನು ದಾರದಲ್ಲಿ ಕಟ್ಟಿ ನೇತುಹಾಕಿ. ಇಡೀ ಪಟ್ಟಿಯಲ್ಲಿ ಇಷ್ಟು ಅಗ್ಗದ್ದು ಬೇರೆ ಇಲ್ಲ.

ಹಾಯಿ ಕುಗ್ಗಿಸುವುದು

ಗಾಳಿಯ ವೇಗ ಎರಡು ಪಟ್ಟಾದರೆ ಹಾಯಿಯ ಮೇಲಿನ ಒತ್ತಡ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ಹಾಯಿಯನ್ನು ಬೇಗ ಸಣ್ಣದು ಮಾಡುವ ವ್ಯವಸ್ಥೆ ಬೇಕು. ಮುಂದಿನ ಹಾಯಿಗೆ ಸುತ್ತುವ ಫರ್ಲರ್ ಇದ್ದರೆ ಕೂತಲ್ಲಿಂದಲೇ ಹಗ್ಗ ಎಳೆದು ಸುತ್ತಿಬಿಡಬಹುದು. ಹಳೆಯ ಕೊಂಡಿ ಹಾಕುವ ಹಾಯಿಯಾದರೆ ಒಬ್ಬರು ಕುಣಿಯುವ ಮೂತಿಗೆ ಹೋಗಲೇಬೇಕು. ಮೂವರೇ ಹೋಗುವಾಗ ಫರ್ಲರ್ ವಾಸಿ. ಅದು ಸಿಕ್ಕಿಕೊಳ್ಳುವುದು ಹಗ್ಗ ಸಡಿಲವಾಗಿ ಸುತ್ತಿದಾಗ. ಸುತ್ತುವಾಗ, ಬಿಡುವಾಗ ಎರಡೂ ಸಲ ಸ್ವಲ್ಪ ಬಿಗಿ ಹಿಡಿದಿದ್ದರೆ ಮುಕ್ಕಾಲು ಪಾಲು ತೊಂದರೆ ಇಲ್ಲ. ದೊಡ್ಡ ಹಾಯಿಗೆ ಮಾತ್ರ ಕಂಬದ ಒಳಗೆ ಸುತ್ತಿಕೊಳ್ಳುವ ವ್ಯವಸ್ಥೆ ಬೇಡ. ಸಿಕ್ಕಿಕೊಂಡರೆ ಹಾಯಿ ಒಳಗೂ ಹೋಗದು, ಕೆಳಗೂ ಬಾರದು. ಮಡಿಕೆ ಹಾಕಿ ಕಟ್ಟುವ ಹಳೆಯ ಪದ್ಧತಿಯೇ ಇರಲಿ.

ಅದನ್ನು ಕಲಿಯಲು ಮಾತ್ರ ನಮ್ಮ ಹಿನ್ನೀರಿನಂಥ ಜಾಗ ಇನ್ನೊಂದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೇ ನಿಷೇಧ, ಕಡಲು ಯಾರನ್ನೂ ಹತ್ತಿರ ಸೇರಿಸುವುದಿಲ್ಲ. ಅದೇ ಹೊತ್ತಿಗೆ ಇಲ್ಲಿ ಆಷಾಢದ ಗಾಳಿ. ಜಾಕೆಟ್ ಹಾಕಿಕೊಂಡು, ಅನುಮತಿಯಿರುವ ನೀರಿನಲ್ಲಿ, ಕಣ್ಣು ಮುಚ್ಚಿಕೊಂಡು ಮಡಿಕೆ ಕಟ್ಟುವಷ್ಟು ಅಭ್ಯಾಸ ಮಾಡಿ. ಮಡಿಕೆ ಹಾಕಬೇಕೇನೋ ಅಂತ ಮನಸ್ಸಿಗೆ ಬಂದ ಕ್ಷಣವೇ ಹಾಕಬೇಕಾದ ಕ್ಷಣ.

ಮೈಮೇಲಿನದು

ಶ್ರೀರಂಗಪಟ್ಟಣದ ಹರಿಗೋಲಿನಲ್ಲಿ ಕೊಡುವ ಕಿತ್ತಳೆ ಬಣ್ಣದ ಸ್ಪಂಜಿನ ಜಾಕೆಟ್ಟಿಗೂ ಕಡಲಿನದಕ್ಕೂ ವ್ಯತ್ಯಾಸವಿದೆ. ಅಳತೆ ನ್ಯೂಟನ್ನಿನಲ್ಲಿ. 50 ನ್ಯೂಟನ್ನಿನದು ಈಜು ಬಲ್ಲವರಿಗೆ, ದಡ ಹತ್ತಿರವಿದ್ದಾಗ. ಹಿನ್ನೀರಿಗೆ ಅದೇ ಹಿತ. ಕಡಲಿಗೆ 150, ಪ್ರಜ್ಞೆ ತಪ್ಪಿದವರನ್ನೂ ಮುಖ ಮೇಲಾಗಿ ಹೊರಳಿಸುವ ಶಕ್ತಿ ಅದಕ್ಕಿದೆ. 150ರದನ್ನು ಸ್ಪಂಜಿನಲ್ಲಿ ಕೊಂಡರೆ ದಿಂಬು ಕಟ್ಟಿಕೊಂಡ ಹಾಗೆ, ಸೆಖೆಗೆ ಹತ್ತು ನಿಮಿಷಕ್ಕೆ ಬಿಚ್ಚಿಡುತ್ತೀರಿ. ಬಿಚ್ಚಿಟ್ಟ ಜಾಕೆಟ್ ಯಾರನ್ನೂ ಉಳಿಸಿಲ್ಲ. ಆದ್ದರಿಂದ ಗಾಳಿ ತುಂಬಿಕೊಳ್ಳುವ ತೆಳುವಾದದ್ದೇ ಸರಿ. ಇದರಲ್ಲೂ ಎರಡು ಬಗೆ: ನೀರಿಗೆ ಕರಗುವ ಬಿಲ್ಲೆಯಿಂದ ಸಿಡಿಯುವುದು, ನೀರಿನ ಒತ್ತಡದಿಂದ ಸಿಡಿಯುವುದು. ನಮ್ಮ ಕರಾವಳಿಯ ತೇವಕ್ಕೆ ಬಿಲ್ಲೆ ತಾನಾಗಿ ಕರಗಿ, ಮಲಗಿದ್ದಾಗ ಬೀರುವಿನೊಳಗೇ ಜಾಕೆಟ್ ಉಬ್ಬಿ ಎಬ್ಬಿಸಿದ ಪ್ರಸಂಗಗಳಿವೆ. ಒತ್ತಡದ್ದು ದುಬಾರಿಯಾದರೂ ಅದನ್ನೇ ಕೊಳ್ಳಿ, ತೊಡೆಸಂದಿಯ ಪಟ್ಟಿ ಇರುವುದನ್ನು. ಆ ಪಟ್ಟಿಯಿಲ್ಲದಿದ್ದರೆ ಜಾಕೆಟ್ ಕಿವಿಯವರೆಗೆ ಏರಿ, ಮನುಷ್ಯ ಕೆಳಗೆ ಉಳಿಯುತ್ತಾನೆ.

ಆದರೆ ಜಾಕೆಟ್ಟಿಗಿಂತ ಮೊದಲು ಮೈಗೂ ದೋಣಿಗೂ ಕಟ್ಟಿಕೊಳ್ಳುವ ಪಟ್ಟಿ. 5 ನಾಟ್ ವೇಗದ ದೋಣಿ ಒಂದು ನಿಮಿಷದಲ್ಲಿ 150 ಮೀಟರ್ ಮುಂದೆ ಹೋಗಿರುತ್ತದೆ. ರಾತ್ರಿ ಅಲೆಗಳ ಮಧ್ಯೆ ಅಷ್ಟು ದೂರದಲ್ಲಿ ಒಂದು ತಲೆ ಕಾಣುವುದಿಲ್ಲ. ಪಟ್ಟಿ ಗಿಡ್ಡವಿರಲಿ, ಬಿದ್ದರೂ ನೀರಿಗೆ ಮುಟ್ಟದಷ್ಟು.

ಮಾತು, ಕೂಗು

ಮೊಬೈಲನ್ನು ದಡದಿಂದ ಹತ್ತು ಹನ್ನೆರಡು ಮೈಲಿ ಆಚೆ ನಂಬುವಂತಿಲ್ಲ, ಮೇಲಾಗಿ ಅದು ಒಬ್ಬರಿಗೆ ಮಾತ್ರ ಕೇಳಿಸುತ್ತದೆ. ವಿಎಚ್‌ಎಫ್ ರೇಡಿಯೋದ 16ನೇ ಚಾನೆಲ್ಲಿನಲ್ಲಿ ಕೂಗಿದರೆ ಸುತ್ತಲಿನ ಎಲ್ಲರಿಗೂ ಕೇಳಿಸುತ್ತದೆ. ಕೈಸೆಟ್ಟು 5 ವ್ಯಾಟ್, ದೋಣಿಯಿಂದ ದೋಣಿಗೆ ನಾಲ್ಕೈದು ನಾಟಿಕಲ್ ಮೈಲಿ. ಸ್ಥಿರ ಸೆಟ್ಟು 25 ವ್ಯಾಟ್. ಆದರೆ ನಿಜವಾದ ಲಾಭ ವ್ಯಾಟಿನಿಂದಲ್ಲ, ಕಂಬದ ತುದಿಯ ಆಂಟೆನಾದಿಂದ. ಎರಡೂ ಇರಲಿ, ಕಂಬ ಮುರಿದ ದಿನ ಕೈಸೆಟ್ಟೇ ಗತಿ. ಇದಕ್ಕೆ ಪರವಾನಗಿ ಬೇಕು. ಅದಕ್ಕಿಂತ ಮುಖ್ಯ, ವಿದೇಶದ ಗೆಳೆಯರು ಕೊಟ್ಟರು ಅಂತ ಸ್ಯಾಟಲೈಟ್ ಫೋನನ್ನೋ ಸ್ಯಾಟಲೈಟ್ ಸಂದೇಶ ಯಂತ್ರವನ್ನೋ ಅನುಮತಿಯಿಲ್ಲದೆ ತರಬೇಡಿ. ನಮ್ಮ ದೇಶದಲ್ಲಿ ಅದಕ್ಕಾಗಿ ಜನ ಬಂಧನಕ್ಕೊಳಗಾಗಿದ್ದಾರೆ.

ಅಪಾಯದ ಕರೆಗೆ ಇಪರ್ಬ್ ಬೇರೆ ಮಾತೇ ಇಲ್ಲದೆ ಬೇಕು. 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಕ್ಕೆ ಕೂಗುತ್ತದೆ, ಕನಿಷ್ಠ 48 ಗಂಟೆ. ಅರಬ್ಬೀ ಸಮುದ್ರದಿಂದ ಹೊರಟ ಆ ಕೂಗು ಬಂದು ಇಳಿಯುವುದು ಎಲ್ಲಿಗೆ ಗೊತ್ತೆ? ನಮ್ಮ ಬೆಂಗಳೂರಿಗೆ. ಇಸ್ರೋದ ಕೇಂದ್ರ ಅಲ್ಲಿದೆ, ಅಲ್ಲಿಂದ ಕೋಸ್ಟ್ ಗಾರ್ಡಿಗೆ. ಮೈಗೆ ಕಟ್ಟಿಕೊಳ್ಳುವ ಪಿಎಲ್‌ಬಿ ಇದರ ತಮ್ಮ, 24 ಗಂಟೆ ಬಾಳುತ್ತದೆ. ದೋಣಿಗೆ ಒಂದೇ ಅಂದರೆ ಇಪರ್ಬ್. ಫೋನ್ ಸಿಗುವ ಕಡೆ ಕೋಸ್ಟ್ ಗಾರ್ಡಿನ 1554 ಬಾಯಿಪಾಠವಾಗಿರಲಿ.

ಬ್ಯಾಟರಿ, ಪರದೆ, ಒಲೆ

ಮನೆಯ ಯುಪಿಎಸ್ಸಿನ ಟ್ಯೂಬುಲರ್ ಬ್ಯಾಟರಿಯನ್ನೇ ದೋಣಿಗೆ ಹಾಕೋಣ ಅಂತ ಅವನ ಗೆಳೆಯನ ಸಲಹೆಯಂತೆ. ದೋಣಿ ವಾಲಿದಾಗ ಆಸಿಡ್ ಚೆಲ್ಲುತ್ತದೆ, ಬೇಡ. ಮುಚ್ಚಿದ ಎಜಿಎಂ ಬ್ಯಾಟರಿ ಸಾಕು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಿದರೆ ಆಯಸ್ಸು ಕಡಿಮೆ, 100 ಆಂಪಿಯರ್-ಗಂಟೆ ಅಂದರೆ ಕೈಗೆ ಸಿಗುವುದು 50. ಲಿಥಿಯಂ ಐರನ್ ಫಾಸ್ಫೇಟಿನಲ್ಲಿ 80ರವರೆಗೆ ಸಿಗುತ್ತದೆ, ತೂಕ ಅರ್ಧಕ್ಕಿಂತ ಕಡಿಮೆ. ಆದರೆ ಹಸಿದ ಲಿಥಿಯಂ ಎಂಜಿನ್ನಿನ ಆಲ್ಟರ್ನೇಟರನ್ನು ಎಡೆಬಿಡದೆ ದುಡಿಸಿ ಸುಟ್ಟುಹಾಕಬಲ್ಲದು, ಮಧ್ಯೆ ನಿಯಂತ್ರಣ ಯಂತ್ರ ಬೇಕು. ಫ್ರಿಜ್ ಬಿಟ್ಟರೆ ಲಿಥಿಯಂ ಬೇಕಾಗಿಲ್ಲ. ಅವನು ಫ್ರಿಜ್ ಬಿಟ್ಟ.

ಪರದೆ ಚಿಕ್ಕದಾದರೂ ಇರಲಿ, ಜೊತೆಗೆ ಡೆಹ್ರಾಡೂನಿನ ರಾಷ್ಟ್ರೀಯ ಜಲಮಾಪನ ಕಚೇರಿಯ ಕಾಗದದ ನಕ್ಷೆ ಇರಲಿ. ದಿಕ್ಸೂಚಿಯ ಪಕ್ಕ ಮೊಬೈಲ್, ಸ್ಪೀಕರ್ ಇಡಬೇಡಿ, ಮುಳ್ಳು ಸುಳ್ಳು ಹೇಳುತ್ತದೆ. ಹಡಗುಗಳನ್ನು ತೋರಿಸುವ ಎಐಎಸ್ ಒಳ್ಳೆಯದೇ, ಆದರೆ ಬಲೆಗೆ ಎಐಎಸ್ ಇಲ್ಲ. ರಾತ್ರಿ ಮಲ್ಪೆಯ ಹೊರಗೆ ನೀರಿನ ಮೇಲೆ ಮಿಣಿಮಿಣಿ ದೀಪ ಕಂಡರೆ ಅದರ ಹಿಂದೆ ಬಲೆ ಎಷ್ಟುದ್ದ ಹರಡಿದೆಯೋ ಹೇಳಲಾಗದು. ಎಂಜಿನ್ ನಿಲ್ಲಿಸಿ ಹಾಯಿಯಲ್ಲೇ ಸುತ್ತಿ ಹೋಗಿ. ಹಲ್ಲಿರುವ ಚಾಕು ಕೈಗೆ ಸಿಗುವಲ್ಲಿ ಇರಲಿ.

ದಸರಾ ಆದ ಕೂಡಲೇ ಹೊರಡುವುದಕ್ಕೂ ನಾನು ಒಪ್ಪಲಿಲ್ಲ. ಅಕ್ಟೋಬರ್, ನವೆಂಬರ್ ಅರಬ್ಬೀ ಸಮುದ್ರದ ಚಂಡಮಾರುತದ ಕಾಲ, 2017ರ ಓಖಿ ಬಂದದ್ದು ನವೆಂಬರ್ ಕೊನೆಗೆ. ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇಂಕಾಯ್ಸ್ ಕೊಡುವ ಅಲೆಯ ಮುನ್ಸೂಚನೆ ನೋಡಿಕೊಂಡು ಸಂಕ್ರಾಂತಿ ಸುತ್ತಮುತ್ತ ಹೊರಡಲಿ.

ಕೊನೆಗೆ ಒಲೆ. ಸಿಲಿಂಡರ್ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ಮನೆಯಲ್ಲಿ ಬಾಗಿಲ ಸಂದಿಯಿಂದ ಹೊರಗೆ ಹೋದೀತು, ದೋಣಿಯಲ್ಲಿ ತಳದಲ್ಲಿ ಹೊಂಡದ ಹಾಗೆ ನಿಂತು ಒಂದು ಕಿಡಿಗೆ ಕಾಯುತ್ತದೆ. ಸಿಲಿಂಡರ್ ಡೆಕ್ಕಿನ ಮೇಲಿರಲಿ, ಅಡುಗೆ ಆದ ತಕ್ಷಣ ಅಲ್ಲೇ ಮುಚ್ಚಿ. ಸ್ಪಿರಿಟ್ ಒಲೆ ಇದಕ್ಕಿಂತ ನಿರಪಾಯ, ಆದರೆ ಶಾಖ ಕಡಿಮೆ. ಅನ್ನಕ್ಕೆ ಆದೀತು, ಮುದ್ದೆಗೆ ಆಗದು. ಪಾತ್ರೆಯಲ್ಲಿ ಮಾತ್ರ ಚರ್ಚೆಯಿಲ್ಲ: ಕುಕ್ಕರ್. ದೋಣಿ ಮಗುಚಿ ಬಿದ್ದರೂ ಮುಚ್ಚಳ ಬಿಟ್ಟುಕೊಡುವುದಿಲ್ಲ.

"ಮುದ್ದೆ ಕೋಲು ತಗೊಂಡೋಗ್ಲಾ ಸಾ?" ಅಂತ ಕೇಳಿದ. ತಗೊಂಡು ಹೋಗು ಅಂದೆ, ಅಲೆ ಇಲ್ಲದ ದಿನ ತಿರುವು. ಪಟ್ಟಿಯ ತಲೆಯಲ್ಲಿ ಈಗ ಲಂಗರಿದೆ. ಮುದ್ದೆ ಕೋಲು ಫ್ರಿಜ್ಜಿನ ಜಾಗದಲ್ಲಿದೆ.